ಎರಡನೇ ಟ್ರ್ಯಾಕ್‌ನ ಹುಡುಕಾಟ

ಲಿನಕ್ಸಿನಲ್ಲಿ ಹಾಡು ರೆಕಾರ್ಡ್ ಮಾಡೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು? ವಿಂಡೋಸಿನ ಬದಲು ಲಿನಕ್ಸ್ ಅನ್ನುವ ಮುಕ್ತ ಆಪರೇಟಿಂಗ್ ಸಿಸ್ಟಮ್ ಬಳಸುವವರಿಂದ ಈ ಪ್ರಶ್ನೆ ನನ್ನ ಹತ್ತಿರ ಆಗಾಗ ಬರುತ್ತಲೇ ಇರುತ್ತದೆ. ಕೇಳುವವರಿಗೆ ಬೇಕಿರುವುದು ಒಂದು ಹೆಸರು. ಮೊದಲೆಲ್ಲ ನಾನೂ ಒಂದು ಹೆಸರು ಹೇಳಿ ಸುಮ್ಮನಾಗುತ್ತಿದ್ದೆ. ಎರಡು ವಾರ ಕಳೆದ ಮೇಲೆ ಅವರೇ ತಿರುಗಿ ಬರುತ್ತಿದ್ದರು. "ರೆಕಾರ್ಡ್ ಆಗ್ತಿದೆ, ಆದ್ರೆ ತಾಳ ಕೂಡ್ತಿಲ್ಲ." "ಹಾಡುವಾಗ ನನ್ನ ದನಿ ನನಗೇ ತಡವಾಗಿ ಕೇಳಿಸ್ತಿದೆ." "ಮಧ್ಯೆ ಮಧ್ಯೆ ಟಿಕ್ ಟಿಕ್ ಅಂತ ಸದ್ದು ಬರ್ತಿದೆ." ಒಬ್ಬೊಬ್ಬರದು ಒಂದೊಂದು ದೂರು. ಇವೆಲ್ಲದರ ಬೇರು ಒಂದೇ ಕಡೆ ಇದೆ ಅಂತ ಗೊತ್ತಾಗಲು ನನಗೆ ಬಹಳ ಕಾಲ ಹಿಡಿಯಿತು. ಒಂದೊಂದು ದನಿಯನ್ನು ಬೇರೆ ಬೇರೆ ಪದರವಾಗಿ ಹಿಡಿಯುತ್ತೇವಲ್ಲ, ಆ ಪದರವೇ ಟ್ರ್ಯಾಕ್. ಮೊದಲನೇ ಟ್ರ್ಯಾಕ್ ಹಿಡಿಯುವಾಗ ಯಾರಿಗೂ ಕಷ್ಟ ಆಗುವುದಿಲ್ಲ. ಮೈಕ್ ಚುಚ್ಚಿ, ಕೆಂಪು ಬಟನ್ ಒತ್ತಿದರೆ ಸಾಕು, ಯಾವ ಸಾಫ್ಟ್‌ವೇರ್ ಆದರೂ ದನಿ ಹಿಡಿಯುತ್ತದೆ. ಕಷ್ಟ ಶುರುವಾಗುವುದು ಅದನ್ನು ಕೇಳಿಕೊಂಡು ಎರಡನೆಯದನ್ನು ಹಾಡಲು ಹೊರಟಾಗ.

ಯಾಕೆ ಅಂದರೆ, ಎರಡನೇ ಟ್ರ್ಯಾಕ್ ಬಂದ ಕೂಡಲೇ ಕಾಲದ ಪ್ರಶ್ನೆ ಬರುತ್ತದೆ. ಇದು ಅದಕ್ಕೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಎಷ್ಟು ಒಳ್ಳೆಯ ಮೈಕ್ ಇದ್ದರೂ ಅದು ಹಾಡಾಗುವುದಿಲ್ಲ, ಒಟ್ಟಿಗೆ ಕೇಳಿಸುವ ಎರಡು ಸದ್ದಾಗುತ್ತದೆ ಅಷ್ಟೆ.

ಆ ರಾತ್ರಿಯ ಹಾಡು

ನನ್ನ ಗೆಳೆಯನೊಬ್ಬ ತಾನೇ ಕಟ್ಟಿದ ಹಾಡು ಹಿಡಿದುಕೊಂಡು ಒಂದು ರಾತ್ರಿ ನಮ್ಮ ಮನೆಗೆ ಬಂದ. ಕೆಲವೇ ದಿನಗಳಲ್ಲಿ ಅವನು ದೂರದ ಊರಿಗೆ ಹೋಗುವವನಿದ್ದ. ಗಿಟಾರ್ ನಾನು ನುಡಿಸುವುದು, ಹಾಡು ಅವನದು ಅಂತ ಆಯಿತು. ಇದ್ದದ್ದು ಒಂದೇ ಮೈಕ್. ಹಾಗಾಗಿ ಮೊದಲು ಗಿಟಾರ್ ಹಿಡಿದೆವು, ಆಮೇಲೆ ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಅವನು ಹಾಡಿದ. ಫ್ಯಾನ್ ಆರಿಸಿದ್ದೆವು, ಕಿಟಕಿಗೆ ಕಂಬಳಿ ಕಟ್ಟಿದ್ದೆವು. ಕೊನೆಯ ಚರಣಕ್ಕೆ ಬರುವಾಗ ಅವನ ದನಿ ಸ್ವಲ್ಪ ನಡುಗಿತು. ಆ ನಡುಕ ಹಾಡಿಗೆ ಬೇಕಾಗಿದ್ದದ್ದೇ. ಇನ್ನೊಂದು ಸಲ ಹಾಡು ಅಂತ ನಾನು ಹೇಳಲಿಲ್ಲ.

ಮರುದಿನ ಕೇಳಿದಾಗ ದನಿ ಗಿಟಾರಿಗಿಂತ ಹಿಂದೆ ಬಿದ್ದಿತ್ತು. ಸಾಲಿನ ಆರಂಭ ಎಲ್ಲ ಎಳೆದಂತೆ ಇತ್ತು. ಗೆಳೆಯ ತಾಳ ತಪ್ಪುವವನಲ್ಲ. ದನಿಯ ತುಣುಕನ್ನು ಮೌಸಿನಲ್ಲಿ ಹಿಡಿದು ಎಡಕ್ಕೆ ಎಳೆದು, ಕೇಳಿ, ಮತ್ತೆ ಎಳೆದು, ಹೇಗೋ ಕಿವಿಗೆ ಸರಿ ಅನ್ನಿಸುವ ಜಾಗಕ್ಕೆ ತಂದೆ. ಆಮೇಲೆ ದನಿ ತೀರಾ ಒಣಗಿದಂತಿದೆ ಅನ್ನಿಸಿ, ದೊಡ್ಡ ಕೋಣೆಯ ಮಾರ್ದನಿ ಸೇರಿಸುವ ರಿವರ್ಬ್ ಹಾಕಿದೆ. ಸೇವ್ ಮಾಡಿದೆ. ಮುಚ್ಚಿದೆ. ಎರಡು ದಿನ ಬಿಟ್ಟು ತೆಗೆದು ಕೇಳಿದರೆ ರಿವರ್ಬ್ ಜಾಸ್ತಿ ಆಗಿತ್ತು. ಖಾಲಿ ಕಲ್ಯಾಣ ಮಂಟಪದಲ್ಲಿ ನಿಂತು ಹಾಡಿದ ಹಾಗೆ. ಕಡಿಮೆ ಮಾಡೋಣ ಅಂತ ಹೊರಟೆ. ಅನ್‌ಡೂ ಇಲ್ಲ, ಏನೂ ಇಲ್ಲ. ಆಗ ನಾನು ಬಳಸುತ್ತಿದ್ದ ಎಡಿಟರ್ ಎಫೆಕ್ಟ್ ಅನ್ನು ದನಿಯ ಒಳಗೇ ಬರೆದುಬಿಡುತ್ತಿತ್ತು. ಪ್ರಾಜೆಕ್ಟ್ ಮುಚ್ಚಿದ ಮೇಲೆ ಹಿಂದಿನದು ಉಳಿಯುತ್ತಿರಲಿಲ್ಲ. ಗೆಳೆಯನ ಆ ಒಣ ದನಿ, ಆ ನಡುಕ, ಎಲ್ಲ ರಿವರ್ಬಿನ ಒಳಗೆ ಕಲಸಿಹೋಗಿತ್ತು. ಅವನು ಆಗಲೇ ಊರು ಬಿಟ್ಟಿದ್ದ.

ಇವತ್ತಿಗೂ ಆ ಫೈಲ್ ನನ್ನ ಹತ್ತಿರ ಇದೆ. ಸರಿ ಮಾಡಲು ಆಗಲಿಲ್ಲ. ಲಿನಕ್ಸಿನಲ್ಲಿ ಮಲ್ಟಿಟ್ರ್ಯಾಕ್ ಸಾಫ್ಟ್‌ವೇರನ್ನು ನಾನು ನಿಜವಾಗಿ ಹುಡುಕಲು ಶುರುಮಾಡಿದ್ದು ಆ ದಿನದಿಂದ. ಎರಡೇ ಎರಡು ಬೇಡಿಕೆ ಇತ್ತು. ಎರಡನೇ ಟ್ರ್ಯಾಕ್ ತನ್ನ ಜಾಗದಲ್ಲಿ ತಾನೇ ಕೂರಬೇಕು. ನಾನು ಏನೇ ಮಾಡಿದರೂ ಮೂಲ ದನಿ ಹಾಗೇ ಉಳಿಯಬೇಕು.

ತಡ ಎಲ್ಲಿಂದ ಬರುತ್ತದೆ

ಮೊದಲು ಕಾಲದ ವಿಷಯ. ಕಂಪ್ಯೂಟರ್ ದನಿಯನ್ನು ಹನಿ ಹನಿಯಾಗಿ ಸಾಗಿಸುವುದಿಲ್ಲ, ಬಿಂದಿಗೆ ಬಿಂದಿಗೆಯಾಗಿ ಸಾಗಿಸುತ್ತದೆ. ಆ ಬಿಂದಿಗೆಯೇ ಬಫರ್. ಸೆಕೆಂಡಿಗೆ 48,000 ಸ್ಯಾಂಪಲ್ (ಒಂದು ಕ್ಷಣದ ದನಿಯ ಅಳತೆ) ಲೆಕ್ಕದಲ್ಲಿ ರೆಕಾರ್ಡ್ ಮಾಡುತ್ತಿದ್ದೀರಿ, ಬಫರ್ 1024 ಸ್ಯಾಂಪಲ್‌ನದು ಅಂದುಕೊಳ್ಳಿ. ಒಂದು ಬಿಂದಿಗೆ ತುಂಬಲು ಸುಮಾರು 21 ಮಿಲಿಸೆಕೆಂಡ್ ಬೇಕು. ಅಂಥ ಎರಡು ಬಿಂದಿಗೆ ದಾಟುವಷ್ಟರಲ್ಲಿ 43 ಮಿಲಿಸೆಕೆಂಡ್ ಹತ್ತಿರ ಆಯಿತು. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ ನಿಮ್ಮದೇ ದನಿ ನಿಮಗೆ 14 ಮೀಟರ್‌ಗಿಂತ ದೂರದಿಂದ ಬಂದ ಹಾಗೆ ಕೇಳಿಸುತ್ತದೆ. ಅಷ್ಟು ದೂರದಿಂದ ಬರುವ ನಿಮ್ಮ ದನಿಗೆ ಕಿವಿಗೊಟ್ಟು ಹಾಡಿ ನೋಡಿ, ನಾಲಿಗೆ ತೊಡರುತ್ತದೆ. ಬಫರನ್ನು 128ಕ್ಕೆ ಇಳಿಸಿದರೆ ಅದೇ ಲೆಕ್ಕ 5 ಮಿಲಿಸೆಕೆಂಡ್ ಚಿಲ್ಲರೆ ಆಗುತ್ತದೆ, ಎರಡು ಮೀಟರಿನ ಒಳಗೆ ಬಂತು. ಪಕ್ಕದಲ್ಲಿ ಕೂತವರ ಜೊತೆ ಹಾಡಿದಂತೆ. ಇದರ ಮೇಲೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ಮತ್ತು ಯುಎಸ್‌ಬಿ ತೆಗೆದುಕೊಳ್ಳುವ ಸಮಯವೂ ಸೇರುತ್ತದೆ.

ಹಾಗಾದರೆ ಎಲ್ಲರೂ ಬಫರ್ ಚಿಕ್ಕದು ಇಟ್ಟುಕೊಂಡರೆ ಆಯ್ತಲ್ಲ ಅನ್ನಿಸುತ್ತದೆ ಅಲ್ವಾ? ಚಿಕ್ಕ ಬಿಂದಿಗೆ ಬೇಗ ಬೇಗ ತುಂಬುತ್ತದೆ, ಕಂಪ್ಯೂಟರ್ ಅಷ್ಟೇ ಬೇಗ ಬೇಗ ಬಂದು ಎತ್ತಿಕೊಂಡು ಹೋಗಬೇಕು. ಒಂದು ಸಲ ತಡ ಆದರೂ ಚೆಲ್ಲುತ್ತದೆ. ಆ ಟಿಕ್ ಅನ್ನುವ ಸದ್ದು ಅದೇ. ಲಿನಕ್ಸಿನವರು ಅದನ್ನು ಎಕ್ಸ್‌ರನ್ ಅನ್ನುತ್ತಾರೆ. ಅದಕ್ಕೇ ಆಡಿಯೋ ಕೆಲಸಕ್ಕೆ ಲಿನಕ್ಸಿನ ತಿರುಳಾದ ಕರ್ನಲ್ ರಿಯಲ್‌ಟೈಮ್ ಆದ್ಯತೆ, ಅಂದರೆ ಬೇರೆ ಕೆಲಸಗಳಿಗಿಂತ ಮೊದಲ ಸರದಿ, ಕೊಡಬೇಕು ಅನ್ನುವುದು. ಬಹಳ ಕಡೆ ನಿಮ್ಮ ಯೂಸರನ್ನು ಆಡಿಯೋ ಗ್ರೂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬಂದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಒಂದು ಕಾಲದಲ್ಲಿ ಇದಕ್ಕಾಗಿ ಪ್ಯಾಚ್ ಹಾಕಿದ ಬೇರೆಯದೇ ಕರ್ನಲ್ ಹುಡುಕಬೇಕಿತ್ತು. ಆ ರಿಯಲ್‌ಟೈಮ್ ಪ್ಯಾಚಿನ ಕೆಲಸ ಹತ್ತಾರು ವರ್ಷ ಹೊರಗೇ ನಡೆದು, ಕೊನೆಗೆ 2024ರಲ್ಲಿ 6.12 ಕರ್ನಲಿನ ಹೊತ್ತಿಗೆ ಮುಖ್ಯ ಕರ್ನಲಿಗೇ ಸೇರಿತು. ಆ ಸುದ್ದಿ ಓದಿದ ದಿನ ನನಗೆ ತುಂಬಾ ಸಂತೋಷ ಆಗಿತ್ತು. ಅದರ ಹಿಂದೆ ಎಷ್ಟೋ ಜನರ ಎಷ್ಟೋ ವರ್ಷದ ಶ್ರಮ ಇದೆ.

ಈಗ ಟಿಕ್ ಪರೀಕ್ಷೆಯ ವಿಷಯ ಹೇಳಬೇಕು. ಯಾವ ಹೊಸ ಸಾಫ್ಟ್‌ವೇರ್ ಹಾಕಿದರೂ ನಾನು ಮೊದಲು ಮಾಡುವ ಪರೀಕ್ಷೆ ಇದು. ಮೊದಲ ಟ್ರ್ಯಾಕಿನಲ್ಲಿ ಬರೀ ತಾಳ ಎಣಿಸುವ ಮೆಟ್ರೋನೋಮಿನ ಟಿಕ್ ಇಡುತ್ತೇನೆ. ಹೆಡ್‌ಫೋನನ್ನು ಕಿವಿಯಿಂದ ತೆಗೆದು ಮೈಕಿನ ಬಾಯಿಗೆ ಒತ್ತಿ ಹಿಡಿದು, ಆ ಟಿಕ್‌ಗಳನ್ನೇ ಎರಡನೇ ಟ್ರ್ಯಾಕಿಗೆ ರೆಕಾರ್ಡ್ ಮಾಡುತ್ತೇನೆ. ಆಮೇಲೆ ಝೂಮ್ ಮಾಡಿ ನೋಡುವುದು. ಪರದೆಯಲ್ಲಿ ಟಿಕ್ ಮುಳ್ಳಿನಂತೆ ಕಾಣುತ್ತದೆ: ಮೇಲೊಂದು ಮುಳ್ಳು, ಕೆಳಗೊಂದು ಮುಳ್ಳು. ಎರಡೂ ಒಂದೇ ಗೆರೆಯಲ್ಲಿ ಇರಬೇಕು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಮೊದಲ ಸಲ ನೋಡಿದಾಗ ಕೆಳಗಿನ ಮುಳ್ಳು 5,280 ಸ್ಯಾಂಪಲ್ ಹಿಂದೆ ಇತ್ತು. 110 ಮಿಲಿಸೆಕೆಂಡ್. ಗೆಳೆಯ ಯಾಕೆ ಹಿಂದೆ ಬಿದ್ದಿದ್ದ ಅಂತ ಆಗ ಗೊತ್ತಾಯಿತು. ಟಿಕ್ ಆದ ಮೇಲೆ ನನ್ನದೇ ಒಂದು ಚಪ್ಪಾಳೆ ತಟ್ಟಿ ಅದನ್ನೂ ನೋಡುತ್ತೇನೆ. ಯಂತ್ರದ ತಡ ಎಷ್ಟು, ನನ್ನ ಕೈಯ ತಡ ಎಷ್ಟು ಅಂತ ಬೇರೆ ಬೇರೆಯಾಗಿ ಕಾಣಿಸುತ್ತದೆ.

ಈ ತಡವನ್ನು ಸಾಫ್ಟ್‌ವೇರಿಗೆ ತಿಳಿಸಿದರೆ ಅದು ಹೊಸ ಟ್ರ್ಯಾಕನ್ನು ಅಷ್ಟು ಎಡಕ್ಕೆ ಸರಿಸಿ ಕೂರಿಸುತ್ತದೆ. ಆಡಾಸಿಟಿ ಅನ್ನುವ ಆಡಿಯೋ ಎಡಿಟರಿನ ಸೆಟ್ಟಿಂಗಿನಲ್ಲಿ ಲೇಟೆನ್ಸಿ ಕಾಂಪನ್ಸೇಷನ್ (ತಡ ಸರಿದೂಗಿಸುವುದು) ಅಂತ ಒಂದು ಖಾನೆ ಇದೆ. ಅದರಲ್ಲಿ ಮೊದಲೇ ಮೈನಸ್ 130 ಮಿಲಿಸೆಕೆಂಡ್ ತುಂಬಿರುತ್ತದೆ. ಅದು ಒಂದು ಅಂದಾಜು. ನಿಮ್ಮ ಯಂತ್ರದ್ದು ಬೇರೆಯೇ ಇರಬಹುದು. ಮೊದಲು ಅಲ್ಲಿ ಸೊನ್ನೆ ಹಾಕಿ ಈ ಟಿಕ್ ಪರೀಕ್ಷೆ ಮಾಡಿ, ಆಮೇಲೆ ನಿಮ್ಮ ಸಂಖ್ಯೆಯನ್ನು ಮೈನಸ್ ಜೊತೆ ಅಲ್ಲಿ ಹಾಕಿ. ಐದು ನಿಮಿಷದ ಕೆಲಸ. ಇದನ್ನು ಮಾಡದೆ ಸಾಫ್ಟ್‌ವೇರನ್ನೇ ಬದಲಾಯಿಸಿದವರನ್ನು ನಾನು ಬಹಳ ಜನರನ್ನು ನೋಡಿದ್ದೇನೆ, ನನಗೆ ಬೇಜಾರಾಗುವುದು ಅದಕ್ಕೇ.

ಆರ್ಡೋರ್ ತೆರೆದ ದಿನ

ಹೆಸರು ಕೇಳಿದವರಿಗೆ ಹೆಸರು ಹೇಳಲೇಬೇಕಲ್ಲ. ನಾನು ನೆಲೆ ನಿಂತದ್ದು ಆರ್ಡೋರಿನಲ್ಲಿ. ಪಾಲ್ ಡೇವಿಸ್ ಶುರುಮಾಡಿ, ಇವತ್ತಿಗೂ ಜೊತೆಗಾರರೊಂದಿಗೆ ನಡೆಸಿಕೊಂಡು ಬಂದಿರುವ ಸಾಫ್ಟ್‌ವೇರ್ ಇದು. ಒಂದು ಪ್ರೋಗ್ರಾಮಿನ ದನಿಯನ್ನು ಇನ್ನೊಂದಕ್ಕೆ ತಂತಿ ಎಳೆದು ಜೋಡಿಸುವ ಜ್ಯಾಕ್ ಕೂಡ ಅವರಿಂದಲೇ, ಆರ್ಡೋರಿನ ಕೆಲಸದಿಂದಲೇ ಹುಟ್ಟಿದ್ದು. ಮೊದಲ ದಿನ ನನಗೆ ಅದು ಒಲಿಯಲಿಲ್ಲ. ಆಗ ಜ್ಯಾಕ್ ಓಡದೆ ಆರ್ಡೋರ್ ತೆರೆಯುತ್ತಲೇ ಇರಲಿಲ್ಲ. ಜ್ಯಾಕ್ ಓಡಿಸಿದರೆ ಸೌಂಡ್ ಕಾರ್ಡ್ ಪೂರ್ತಿ ಅದರ ವಶಕ್ಕೆ ಹೋಗಿ ಬ್ರೌಸರ್ ಮೂಕವಾಗುತ್ತಿತ್ತು. ಒಂದು ಸಂಜೆ ಪೂರ್ತಿ ತಂತಿ ಜೋಡಿಸುವುದರಲ್ಲೇ ಕಳೆಯಿತು. ಒಂದು ಸ್ವರವೂ ರೆಕಾರ್ಡ್ ಆಗಲಿಲ್ಲ.

ಆ ಕಾಲ ಹೋಯಿತು, ಇದನ್ನು ಒತ್ತಿ ಹೇಳಬೇಕು. 2015ರ ಆರ್ಡೋರ್ 4ರಿಂದ ಜ್ಯಾಕ್ ಇಲ್ಲದೆಯೂ ನೇರವಾಗಿ ಆಲ್ಸಾ (ಕರ್ನಲಿನದೇ ಆಡಿಯೋ ವ್ಯವಸ್ಥೆ) ಮೂಲಕ ರೆಕಾರ್ಡ್ ಮಾಡಬಹುದು. ಅದರ ಮೇಲೆ ಎಲ್ಲ ಪ್ರೋಗ್ರಾಮುಗಳ ದನಿಯನ್ನು ಹಂಚುವ ಪೈಪ್‌ವೈರ್ ಬಂತು. ವಿಮ್ ಟೇಮನ್ಸ್ ಶುರುಮಾಡಿದ ಕೆಲಸ. ಬ್ರೌಸರಿನಂಥವು ಬಳಸುತ್ತಿದ್ದ ಪಲ್ಸ್‌ಆಡಿಯೋದ ಮಾತೂ ಆಡುತ್ತದೆ, ಜ್ಯಾಕ್ ಮಾತೂ ಆಡುತ್ತದೆ. 2021ರಲ್ಲಿ ಲಿನಕ್ಸಿನ ಒಂದು ರೂಪವಾದ ಫೆಡೋರಾ 34 ಇದನ್ನೇ ಮೂಲ ಆಡಿಯೋ ವ್ಯವಸ್ಥೆ ಮಾಡಿಕೊಂಡಿತು, ಆಮೇಲೆ ಉಬುಂಟುವೂ ಅದೇ ದಾರಿ ಹಿಡಿಯಿತು. ಈಗ ಒಂದು ಕಡೆ ಆರ್ಡೋರ್ ರೆಕಾರ್ಡ್ ಮಾಡುತ್ತಿರುವಾಗಲೇ ಬ್ರೌಸರಿನಲ್ಲಿ ಮೂಲ ಹಾಡು ಕೇಳಿ ಶ್ರುತಿ ನೋಡಿಕೊಳ್ಳಬಹುದು. ಲಿನಕ್ಸಿನಲ್ಲಿ ಆಡಿಯೋ ಅಂದರೆ ತಲೆನೋವು ಅಂತ ಹಳೆಯ ಬರಹಗಳನ್ನು ಓದಿ ಹಿಂದೆ ಸರಿದವರು ಈಗ ಇನ್ನೊಮ್ಮೆ ಬಂದು ನೋಡಬೇಕು.

ಆದರೆ ನನ್ನನ್ನು ಆರ್ಡೋರ್ ಹಿಡಿದು ನಿಲ್ಲಿಸಿದ್ದು ಬೇರೆ ಕಾರಣಕ್ಕೆ. ಒಂದು ಸೆಷನ್ ಮಾಡಿ, ನಾಲ್ಕು ಸಾಲು ಹಾಡಿ, ಸಿಕ್ಕಾಪಟ್ಟೆ ಕತ್ತರಿಸಿ, ಮೇಲೆ ಎಫೆಕ್ಟ್ ಹಾಕಿ, ಆಮೇಲೆ ಆ ಸೆಷನ್ನಿನ ಫೋಲ್ಡರ್ ತೆರೆದು ನೋಡಿದೆ. ಒಳಗೆ ಒಂದು ಕಡೆ ನಾನು ಹಾಡಿದ್ದೆಲ್ಲ ಒಂದೊಂದು ಆಡಿಯೋ ಫೈಲಾಗಿ ಕೂತಿತ್ತು. ಕೆಮ್ಮಿದ್ದು, ನಿಲ್ಲಿಸಿದ್ದು, ಮತ್ತೆ ಶುರುಮಾಡಿದ್ದು, ಎಲ್ಲವೂ. ಯಾವುದನ್ನೂ ಮುಟ್ಟಿರಲಿಲ್ಲ. ಸೆಷನ್ ಫೈಲನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದೆ. ಅದು ಬರೀ ಅಕ್ಷರ. ಯಾವ ಫೈಲಿನ ಯಾವ ಜಾಗದಿಂದ ಎಷ್ಟು ಉದ್ದ ನುಡಿಸಬೇಕು, ಎಲ್ಲಿ ಫೇಡ್ (ದನಿ ಮೆಲ್ಲಗೆ ಏರುವುದು, ಇಳಿಯುವುದು), ಯಾವ ಪ್ಲಗಿನ್ (ಎಫೆಕ್ಟ್ ಕೊಡುವ ಪುಟ್ಟ ಪ್ರೋಗ್ರಾಮ್), ಅಷ್ಟೇ ಬರೆದಿತ್ತು. ನಾನು ಕತ್ತರಿಸಿದ್ದು ದನಿಯನ್ನಲ್ಲ. ಆ ಪಟ್ಟಿಯಲ್ಲಿ ಒಂದು ಸಂಖ್ಯೆ ಬದಲಾಗಿತ್ತು, ಅಷ್ಟೆ. ಈ ಫೋಲ್ಡರನ್ನು ನೋಡುತ್ತ ನಾನು ತುಂಬಾ ಹೊತ್ತು ಕೂತಿದ್ದೆ. ಆ ರಾತ್ರಿ ಇದು ಇದ್ದಿದ್ದರೆ ಗೆಳೆಯನ ದನಿ ಉಳಿಯುತ್ತಿತ್ತು.

ಉಸಿರನ್ನು ಬಿಡಬೇಡಿ

ಎಡಿಟಿಂಗ್ ಅಂದರೆ ಏನು ಅಂತ ನನಗೆ ಅರ್ಥ ಆಗಿದ್ದು ಮೂರು ಟೇಕ್‌ಗಳನ್ನು ಸೇರಿಸಿ ಒಂದು ಮಾಡುವಾಗ. ಒಂದೇ ಹಾಡನ್ನು ಮೂರು ಸಲ ಹಾಡಿದ್ದೆ. ಮೊದಲನೆಯದರಲ್ಲಿ ಪಲ್ಲವಿ ಚೆನ್ನಾಗಿತ್ತು. ಎರಡನೆಯದು ಒಟ್ಟಾರೆ ಸರಿ, ಆದರೆ ಕೊನೆಯ ಸಾಲಿನಲ್ಲಿ ಶ್ರುತಿ ಇಳಿದಿತ್ತು. ಮೂರನೆಯದರ ಕೊನೆಯ ಸಾಲು ಬಹಳ ಚೆನ್ನಾಗಿ ಬಂದಿತ್ತು. ಸರಿ, ಎರಡನೆಯದರಲ್ಲಿ ಕೊನೆಯ ಸಾಲು ತೆಗೆದು ಅಲ್ಲಿ ಮೂರನೆಯದರದ್ದನ್ನು ಇಟ್ಟೆ. ಕೀಬೋರ್ಡಿನಲ್ಲಿ ಎಸ್ ಒತ್ತಿದರೆ ತುಣುಕಾಗುತ್ತದೆ. ಪದ ಶುರುವಾಗುವ ಜಾಗಕ್ಕೆ ಸರಿಯಾಗಿ ಕತ್ತರಿಸಿದ್ದೆ. ಸ್ವರ ಸರಿ, ತಾಳ ಸರಿ. ಆದರೂ ಕೇಳಿದಾಗ ಏನೋ ತಪ್ಪಿದೆ ಅನ್ನಿಸುತ್ತಿತ್ತು. ದನಿ ಎಲ್ಲಿಂದಲೋ ಬಂದು ಬಿದ್ದ ಹಾಗೆ. ಹತ್ತಿಪ್ಪತ್ತು ಸಲ ಕೇಳಿದ ಮೇಲೆ ಹೊಳೆಯಿತು: ಎರಡನೇ ಟೇಕಿನ ಉಸಿರಿಗೆ ಮೂರನೇ ಟೇಕಿನ ಪದ ಅಂಟಿಸಿದ್ದೆ. ಮೂರನೆಯದರಲ್ಲಿ ನಾನು ಉದ್ದ ಉಸಿರು ಎಳೆದುಕೊಂಡಿದ್ದೆ, ಅದಕ್ಕೇ ಆ ಸಾಲು ಅಷ್ಟು ಗಟ್ಟಿಯಾಗಿ ಬಂದಿತ್ತು. ಆ ಉಸಿರು ಕತ್ತರಿಯಾಚೆ ಉಳಿದಿತ್ತು.

ತುಣುಕಿನ ಎಡ ಅಂಚನ್ನು ಹಿಡಿದು ಹಿಂದಕ್ಕೆ ಎಳೆದೆ. ಮೂಲ ಫೈಲ್ ಹಾಗೇ ಇರುವುದರಿಂದ ಕತ್ತರಿಸಿದ ಭಾಗ ಮತ್ತೆ ಹೊರಗೆ ಬಂತು, ಮುಚ್ಚಿದ ಬೆರಳು ಬಿಚ್ಚಿದ ಹಾಗೆ. ಉಸಿರು ಪೂರ್ತಿ ಬಂತು. ಅದರ ಮುಂಚಿನ ಮೌನದಲ್ಲಿ ಎರಡೂ ಟೇಕ್‌ಗಳಿಗೆ ಸಣ್ಣ ಕ್ರಾಸ್‌ಫೇಡ್ ಕೊಟ್ಟೆ, ಒಂದು ಇಳಿಯುತ್ತ ಇನ್ನೊಂದು ಏರುವ ಹಾಗೆ. ಈಗ ಕೇಳಿದರೆ ಒಬ್ಬನೇ, ಒಂದೇ ಸಲ ಹಾಡಿದ್ದು. ಅಂದಿನಿಂದ ನಾನು ಉಸಿರಿನ ಮುಂಚೆ ಕತ್ತರಿಸುತ್ತೇನೆ, ನಂತರ ಯಾವತ್ತೂ ಇಲ್ಲ. ಅಂಚನ್ನು ಹೀಗೆ ಹಿಂದಕ್ಕೆ ಎಳೆಯಲು ಬರುತ್ತದೋ ಇಲ್ಲವೋ ಅನ್ನುವುದು ನನಗೆ ಸಾಫ್ಟ್‌ವೇರ್ ಆರಿಸುವಾಗ ನೂರು ಪ್ಲಗಿನ್‌ಗಿಂತ ದೊಡ್ಡ ವಿಷಯ.

ಪ್ಲಗಿನ್ ಅಂದ ಕೂಡಲೇ ಲಿನಕ್ಸಿನಲ್ಲಿ ಬಡತನ ಅಂತ ಕೆಲವರು ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಎಲ್‌ಎಸ್‌ಪಿ ಮತ್ತು ಕಾಫ್ ಪ್ಲಗಿನ್‌ಗಳಲ್ಲಿ ದನಿಯ ಏರಿಳಿತ ತಿದ್ದುವ ಈಕ್ಯೂ, ಕಂಪ್ರೆಸರ್ ಎಲ್ಲ ಇದೆ. ಗಿಟಾರಿಗೆ ಗಿಟಾರಿಕ್ಸ್ ಇದೆ, ತಾಳಕ್ಕೆ ಹೈಡ್ರೋಜನ್ ಡ್ರಮ್ ಮಷೀನ್ ಇದೆ. ವಿಂಡೋಸಿನ ಪ್ಲಗಿನ್ ಬಿಡಲಾಗದವರಿಗೆ ಯಾಬ್ರಿಡ್ಜ್ ಇದೆ.

ಬೇರೆ ಹೆಸರುಗಳು

ಆರ್ಡೋರ್ ಎಲ್ಲರಿಗೂ ಬೇಕಾಗಿಲ್ಲ. ಒಬ್ಬರೇ ಮಾತಾಡಿ ಪಾಡ್‌ಕಾಸ್ಟ್ ಮಾಡುವುದಾದರೆ, ಹಳೆಯ ಕ್ಯಾಸೆಟ್ ಸದ್ದು ಶುಚಿ ಮಾಡುವುದಾದರೆ ಆಡಾಸಿಟಿಯೇ ಸುಲಭ. 1999ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಶುರುಮಾಡಿದ್ದು, ಮರು ವರ್ಷ ಎಲ್ಲರಿಗೂ ಸಿಕ್ಕಿತು. ಅದೂ ಬದಲಾಗಿದೆ. 3.1ರಲ್ಲಿ ಕ್ಲಿಪ್ಪಿನ ಅಂಚು ಎಳೆದು ಬಿಡಿಸುವುದು ಬಂತು, 2022ರ 3.2ರಲ್ಲಿ ರಿಯಲ್‌ಟೈಮ್ ಎಫೆಕ್ಟ್ ಬಂತು. ಅಂದರೆ ರಿವರ್ಬ್ ಈಗ ದನಿಯ ಮೇಲೆ ಹೊದಿಸಿದ ಬಟ್ಟೆ, ಬೇಡ ಅನ್ನಿಸಿದರೆ ತೆಗೆದಿಡಬಹುದು. ಹಳೆಯ ಆವೃತ್ತಿ ಇಟ್ಟುಕೊಂಡಿರುವವರು ದಯವಿಟ್ಟು ಬದಲಾಯಿಸಿಕೊಳ್ಳಿ.

ಕಡಿಮೆ ಶಕ್ತಿಯ ಲ್ಯಾಪ್‌ಟಾಪ್ ಇದ್ದರೆ ರುಯಿ ನುನೊ ಕಪೆಲಾ ಅವರ ಕ್ಯೂಟ್ರ್ಯಾಕ್ಟರ್ ನೋಡಿ, ಹಗುರ. ರೀಪರ್ ಮುಕ್ತ ಸಾಫ್ಟ್‌ವೇರ್ ಅಲ್ಲ, ಆದರೆ ಲಿನಕ್ಸಿಗೆಂದೇ ಬರುತ್ತದೆ, 60 ದಿನ ಬಳಸಿ ನೋಡಿ ಆಮೇಲೆ ಕೊಳ್ಳಬಹುದು. ವಿಂಡೋಸಿನಲ್ಲಿ ಅದರಲ್ಲೇ ಕೈ ಪಳಗಿದವರು ಅದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಬಿಟ್‌ವಿಗ್ ಮತ್ತು ವೇವ್‌ಫಾರ್ಮ್ ಕೂಡ ಲಿನಕ್ಸಿನಲ್ಲಿ ಓಡುತ್ತವೆ. ಎಲ್‌ಎಂಎಂಎಸ್ ಹೆಸರನ್ನು ಜನ ಸುಮ್ನೆ ಹೇಳಿಬಿಡುತ್ತಾರೆ. ಅದು ಬೀಟ್ ಕಟ್ಟಲು, ಸಿಂಥ್ ನುಡಿಸಲು ಬಹಳ ಚೆಂದ, ಆದರೆ ಮೈಕ್ ಹಿಡಿದು ಟ್ರ್ಯಾಕ್ ಮೇಲೆ ಟ್ರ್ಯಾಕ್ ಹಾಡಲು ಮಾಡಿದ್ದಲ್ಲ.

ಹಣದ ಮಾತು ಒಂದಿದೆ. ಆರ್ಡೋರಿನ ಸೋರ್ಸ್ ಕೋಡ್ ಮುಕ್ತ. ಫೆಡೋರಾ, ಉಬುಂಟು ಥರದ ಡಿಸ್ಟ್ರೋಗಳ ಸಾಫ್ಟ್‌ವೇರ್ ಭಂಡಾರದಿಂದ ಹಾಕಿಕೊಂಡರೆ ಏನೂ ಕೊಡಬೇಕಿಲ್ಲ. ಅವರೇ ಸಿದ್ಧ ಮಾಡಿದ ಪ್ಯಾಕೇಜ್ ಬೇಕೆಂದರೆ ಮಾತ್ರ ಹಣ ಕೇಳುತ್ತಾರೆ. ಅವರ ಉಚಿತ ಡೆಮೋ ಹತ್ತು ನಿಮಿಷ ಆದ ಮೇಲೆ ಮೌನವಾಗುತ್ತದೆ. ಇದನ್ನು ಕೆಲವರು ಮೋಸ ಅನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಎರಡು ದಶಕ ದಾಟಿ ಒಂದು ಕೆಲಸಕ್ಕೆ ಕೂತವರು ಅದರಿಂದಲೇ ಬದುಕಬೇಕಲ್ಲ. ನಾನು ಮೊದಲು ಡಿಸ್ಟ್ರೋದ ಆವೃತ್ತಿ ಬಳಸಿ, ಆಮೇಲೆ ಹಣ ಕೊಟ್ಟು ತೆಗೆದುಕೊಂಡೆ. ಒಂದೇ ಎಚ್ಚರ: ಹೊಸ ಆವೃತ್ತಿಯಲ್ಲಿ ಸೇವ್ ಮಾಡಿದ ಸೆಷನ್ ಹಳೆಯದರಲ್ಲಿ ತೆರೆಯುತ್ತದೆ ಅಂತ ನಂಬಬೇಡಿ. ಜೊತೆಯಲ್ಲಿ ಕೆಲಸ ಮಾಡುವವರು ಒಂದೇ ಆವೃತ್ತಿ ಇಟ್ಟುಕೊಳ್ಳಿ.

ನಾಲ್ಕನೇ ಟಿಕ್

ಹೋದ ತಿಂಗಳು ಆ ಗೆಳೆಯನಿಗೆ ಫೋನ್ ಮಾಡಿದೆ. ಆ ಹಾಡು ಇನ್ನೂ ನೆನಪಿದೆಯಾ ಅಂತ ಕೇಳಿದೆ. ಇದೆ ಅಂದ. ಗಿಟಾರ್ ಹೊಸದಾಗಿ ನುಡಿಸಿ, ಮುಂದೆ ನಾಲ್ಕು ಟಿಕ್ ಸೇರಿಸಿ ಅವನಿಗೆ ಕಳಿಸಿದೆ. ನಾಲ್ಕನೇ ಟಿಕ್ ಬಂದಾಗ ಹೆಡ್‌ಫೋನನ್ನು ಮೈಕಿಗೆ ಒತ್ತಿ ಹಿಡಿದಿರು, ಆಮೇಲೆ ಹಾಕಿಕೊಂಡು ಹಾಡು ಅಂದೆ. ಹಾಡು ಶುರುವಾಗುವ ಮುಂಚೆ ಅದಕ್ಕೆಂದೇ ಎಂಟು ಎಣಿಕೆ ಖಾಲಿ ಬಿಟ್ಟಿದ್ದೆ. ಅವನ ಯಂತ್ರದ ತಡ ಎಷ್ಟೇ ಇರಲಿ, ಆ ಟಿಕ್‌ಗೂ ಅಷ್ಟೇ ತಡ, ಹಾಡಿಗೂ ಅಷ್ಟೇ ತಡ. ಒಂದನ್ನು ಕೂರಿಸಿದರೆ ಇನ್ನೊಂದು ತಾನೇ ಕೂರುತ್ತದೆ. ಎಫೆಕ್ಟ್ ಏನೂ ಹಾಕಬೇಡ, ಒಣ ದನಿಯನ್ನೇ ಕಳಿಸು ಅಂತ ಎರಡು ಸಲ ಹೇಳಿದೆ.

ಫೈಲ್ ಬಂತು. ಎರಡನೇ ಟ್ರ್ಯಾಕಿಗೆ ಇಳಿಸಿದೆ. ಮುಳ್ಳನ್ನು ಹುಡುಕಿ, ಝೂಮ್ ಮಾಡಿ, ನಾಲ್ಕನೇ ಟಿಕ್‌ನ ಕೆಳಗೆ ತಂದು ನಿಲ್ಲಿಸಿದೆ. ದನಿ ಈಗ ಸ್ವಲ್ಪ ದಪ್ಪ ಆಗಿದೆ. ಕೊನೆಯ ಚರಣದಲ್ಲಿ ನಡುಗಲಿಲ್ಲ, ಆ ಜಾಗದಲ್ಲಿ ಸ್ವಲ್ಪ ನಿಧಾನಿಸಿದ್ದಾನೆ. ಗಿಟಾರ್ ಮುಂದೆ ಹೋಗುತ್ತದೆ, ಅವನು ನಿಂತು ಬರುತ್ತಾನೆ. ಅವನ ತುಣುಕನ್ನು ಎಡಕ್ಕೆ ಎಳೆಯಲು ಕೈ ಹೋಯಿತು. ಎಳೆಯಲಿಲ್ಲ. ಅವನ ಟ್ರ್ಯಾಕ್ ಮ್ಯೂಟ್ ಮಾಡದೆ, ನನ್ನ ಗಿಟಾರಿಗೆ ಮೂರನೇ ಟ್ರ್ಯಾಕ್ ತೆರೆದು, ಆ ಚರಣವನ್ನು ಅವನನ್ನು ಕೇಳಿಕೊಂಡೇ ಮತ್ತೆ ನುಡಿಸಿದೆ. ಅವನು ಉಸಿರು ಎಳೆದುಕೊಳ್ಳುವುದು ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅದು ಮುಗಿಯುವವರೆಗೆ ಕಾದು ತಂತಿ ಮೀಟಿದೆ.